ಗುಂಡಿಗೂ ಬರ ಬಂದ ವರ್ಷ

‘ಗುಂಡು ಸಿಗ್ತಾ ಇಲ್ವಂತೆ’ ಅಂದರೆ ನಮ್ಮ ಕಡೆ ಯಾರಿಗೂ ಬಂದೂಕು ನೆನಪಾಗೋದಿಲ್ಲ. 2020ರ ಮೇ 4ರಂದು ಕರ್ನಾಟಕದಲ್ಲಿ ಮದ್ಯದಂಗಡಿಗಳು ಮತ್ತೆ ಬಾಗಿಲು ತೆರೆದಾಗ ಉದ್ದುದ್ದ ಸಾಲಿನ ಫೋಟೊಗಳು ಅಮೆರಿಕದಲ್ಲಿರುವ ನನ್ನ ವಾಟ್ಸ್ಆ್ಯಪ್‌ಗೂ ಬಂದು ಬಿದ್ದಿದ್ದವು. ನೋಡಿ ನಕ್ಕಿದ್ದೂ ಆಯಿತು. ತಮಾಷೆ ಅಂದರೆ ಅದೇ ದಿನಗಳಲ್ಲಿ ನಾನಿರುವ ಒಹಾಯೊ ರಾಜ್ಯದಲ್ಲೂ ಜನ ಬೆಳಬೆಳಗ್ಗೆ ಗುಂಡಿಗಾಗಿ ಅಂಗಡಿ ಮುಂದೆ ಸಾಲು ನಿಂತಿದ್ದರು. ಇದು ಮಾತ್ರ ಬಂದೂಕಿಗೆ ತುಂಬುವ, ಜೀವ ತೆಗೆಯುವ ನಿಜವಾದ ಗುಂಡು.

ಬಂದೂಕಿನ ದೇಶ ಅಂತಲೇ ಹೆಸರಾದ ಅಮೆರಿಕದಲ್ಲಿ ಗುಂಡಿಗೆ ಬರ ಬರುತ್ತೆ ಅಂದರೆ ನಂಬೋದು ಕಷ್ಟ. ಆದರೆ 2020ರಿಂದ ಸುಮಾರು ಎರಡು ವರ್ಷ ಅದೇ ಆಯಿತು. ಅಂಗಡಿಯ ಕಪಾಟು ಖಾಲಿ, ಬೆಲೆ ಮೂರ್ನಾಲ್ಕು ಪಟ್ಟು, ‘ಒಬ್ಬರಿಗೆ ಒಂದೇ ಡಬ್ಬಿ’ ಅನ್ನುವ ಬೋರ್ಡು. ವಿಚಿತ್ರ ಏನಪ್ಪಾ ಅಂದರೆ, ಕಾರ್ಖಾನೆಗಳೇನೂ ಬಾಗಿಲು ಹಾಕಿಕೊಂಡು ಕೂತಿರಲಿಲ್ಲ. ದೊಡ್ಡ ಕಂಪನಿಗಳು ಹಗಲೂ ರಾತ್ರಿ ಗುಂಡು ಮಾಡುತ್ತಿದ್ದವು. ಹಾಗಾದರೆ ಮಾಡಿದ ಗುಂಡೆಲ್ಲ ಎಲ್ಲಿ ಹೋಯಿತು?

ನಾನು ಎಚ್-1ಬಿ ವೀಸಾದ ಸಾಫ್ಟ್‌ವೇರ್ ಎಂಜಿನಿಯರ್. ಈ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳೋದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನನಗೆ ಅದೂ ಇಲ್ಲ, ಆ ಆಸೆಯೂ ಇಲ್ಲ. ಹಾಗಾಗಿ ನಾನು ಕೊಳ್ಳುವವನಾಗಿ ಅಲ್ಲ, ನೋಡುವವನಾಗಿ ಇದನ್ನು ಹತ್ತಿರದಿಂದ ನೋಡಿದೆ. ನೋಡಿದ್ದರಲ್ಲಿ ನಮ್ಮ ಮನೆಗಳಿಗೂ ಅನ್ವಯಿಸುವ ಸಂಗತಿ ಇದೆ ಅನ್ನಿಸಿದ್ದರಿಂದ ಈ ಬರಹ.

ಟಾಯ್ಲೆಟ್ ಪೇಪರ್ ಆದಮೇಲೆ ಗುಂಡು

2020ರ ಮಾರ್ಚ್‌ನಲ್ಲಿ ಕೊರೊನಾ ಸುದ್ದಿ ಗಟ್ಟಿಯಾದಾಗ ಇಲ್ಲಿ ಮೊದಲು ಖಾಲಿಯಾದದ್ದು ಟಾಯ್ಲೆಟ್ ಪೇಪರ್. ಅದು ಇಡೀ ಜಗತ್ತಿಗೇ ಗೊತ್ತು. ಅದರ ಹಿಂದೆಯೇ ಬಂದೂಕಿನಂಗಡಿಗಳಲ್ಲಿ ಜನ ತುಂಬಿಕೊಂಡದ್ದು ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲ.

ಇಲ್ಲಿ ಅಂಗಡಿಯಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಎಫ್‌ಬಿಐ ನಡೆಸುವ ವ್ಯವಸ್ಥೆಯೊಂದರಲ್ಲಿ ಪರಿಶೀಲಿಸುತ್ತಾರೆ. 2019ರಲ್ಲಿ ಇಂಥ ಪರಿಶೀಲನೆಗಳ ಸಂಖ್ಯೆ ಸುಮಾರು 2 ಕೋಟಿ 83 ಲಕ್ಷ. 2020ರಲ್ಲಿ ಅದು ಸುಮಾರು 3 ಕೋಟಿ 97 ಲಕ್ಷಕ್ಕೆ ಏರಿತು. ಒಂದು ಪರಿಶೀಲನೆ ಅಂದರೆ ಒಂದು ಬಂದೂಕು ಅಂತಲ್ಲ, ಪರ್ಮಿಟ್‌ಗಾಗಿ ನಡೆಯುವ ಪರಿಶೀಲನೆಗಳೂ ಇದರಲ್ಲಿ ಸೇರಿವೆ. ಆದರೂ ಗಾಳಿ ಯಾವ ಕಡೆ ಬೀಸುತ್ತಿತ್ತು ಅನ್ನೋದು ಈ ಲೆಕ್ಕದಲ್ಲೇ ಕಾಣುತ್ತೆ. ಆ ವರ್ಷ ಮೊದಲ ಬಾರಿ ಬಂದೂಕು ಕೊಂಡವರೇ ಸುಮಾರು 84 ಲಕ್ಷ ಜನ ಅಂತ ಬಂದೂಕು ಉದ್ಯಮದ ಸಂಘ ಅಂದಾಜು ಮಾಡಿತು.

ಕಾರಣಗಳು ಒಂದರ ಮೇಲೊಂದು ಬಂದವು. ಮೊದಲು ಕೊರೊನಾ. ಮೇ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಊರೂರಲ್ಲಿ ಪ್ರತಿಭಟನೆ, ಕೆಲವು ಕಡೆ ಬೆಂಕಿ, ಲೂಟಿ. ನವೆಂಬರ್‌ನಲ್ಲಿ ಅಧ್ಯಕ್ಷರ ಚುನಾವಣೆ. ಹೊಸ ಸರ್ಕಾರ ಬಂದರೆ ಬಂದೂಕಿನ ಕಾನೂನು ಬಿಗಿಯಾಗುತ್ತೆ ಅನ್ನುವ ಅಂಜಿಕೆ.

ಈಗ ಸಣ್ಣದೊಂದು ಲೆಕ್ಕ ಹಾಕಿ. ಆ 84 ಲಕ್ಷ ಹೊಸಬರು ತಲಾ ಎರಡೇ ಎರಡು ಡಬ್ಬಿ ಕೊಂಡರೂ, ಡಬ್ಬಿಗೆ 50ರಂತೆ, 84 ಕೋಟಿ ಗುಂಡು ಬೇಕು. ಇದು ಹೊಸಬರ ಲೆಕ್ಕ ಮಾತ್ರ. ‘ಹೊಸಬರು ಬರ್ತಿದ್ದಾರೆ, ನಮಗೆ ಸಿಗಲ್ಲ’ ಅಂತ ಹಳಬರು ಕೊಂಡು ಇಟ್ಟದ್ದು ಬೇರೆ.

ಪಿಸ್ತೂಲಿಗೆ ಹೆಚ್ಚಾಗಿ ಬಳಸುವುದು 9 ಎಂಎಂ ಗುಂಡು. ಅಭ್ಯಾಸಕ್ಕೆ ಬಳಸುವ ಸಾಧಾರಣ ಗುಂಡಿಗೆ 2020ಕ್ಕೆ ಮೊದಲು ಒಂದಕ್ಕೆ 18-20 ಸೆಂಟ್ ಇತ್ತು. 2021ರ ಶುರುವಿನ ಹೊತ್ತಿಗೆ 70 ಸೆಂಟ್ ದಾಟಿತು, ಕೆಲವು ಕಡೆ ಒಂದು ಡಾಲರ್ ಮುಟ್ಟಿತು. ಹತ್ತು ಡಾಲರಿನ ಡಬ್ಬಿಗೆ ನಲವತ್ತು, ಐವತ್ತು ಡಾಲರ್. ಹಾಗಿದ್ದರೂ ಸಿಕ್ಕರೆ ಪುಣ್ಯ.

ತೋಟೆಯೊಳಗೆ ಏನಿದೆ?

‘ಅಷ್ಟು ಬೇಡಿಕೆ ಇದ್ದರೆ ಜಾಸ್ತಿ ಮಾಡಬಹುದಿತ್ತಲ್ಲ?’ ಅಂತ ಯಾರಿಗಾದರೂ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಇದಕ್ಕೆ ಉತ್ತರ ಆ ಚೋಟುದ್ದದ ತೋಟೆಯ ಒಳಗೇ ಇದೆ.

ನಮ್ಮ ಮನೆ ಕೊಪ್ಪದ ಕಡೆ. ಮಲೆನಾಡಿನವರಿಗೆ ಕೋವಿಯ ಪರಿಭಾಷೆ ಹೊಸದಲ್ಲ. ಕೇಪಿನ ಕೋವಿ, ತೋಟೆಕೋವಿ, ಮದ್ದು, ಚರೆ ಇವೆಲ್ಲ ತೋಟಕ್ಕೆ ಬರುವ ಹಂದಿ-ಮಂಗನ ಕಾಟದ ಮಾತಿನ ಜೊತೆಗೇ ಬರುವ ಪದಗಳು. ಒಂದು ತೋಟೆಯಲ್ಲಿ ನಾಲ್ಕು ಭಾಗ. ಹೊರಗೆ ಹಿತ್ತಾಳೆಯ ಕೊಳವೆ. ಒಳಗೆ ಮದ್ದು. ಮುಂದೆ ಹಾರಿಹೋಗುವ ಸೀಸದ ಗುಂಡು, ಅದಕ್ಕೆ ಸಾಮಾನ್ಯವಾಗಿ ತಾಮ್ರದ ಹೊದಿಕೆ. ಹಿಂದೆ, ತಳದಲ್ಲಿ, ಬೇಳೆಕಾಳಿನಷ್ಟು ದೊಡ್ಡ ಪ್ರೈಮರ್. ನಮ್ಮೂರಿನವರು ಕೇಪು ಅನ್ನುತ್ತಾರಲ್ಲ, ಅದರ ತಮ್ಮ ಅಂದುಕೊಳ್ಳಿ. ಕುದುರೆ ಎಳೆದಾಗ ಮೊಳೆ ಬಂದು ಇದಕ್ಕೆ ಹೊಡೆಯುತ್ತೆ, ಇದು ಕಿಡಿ ಕೊಡುತ್ತೆ, ಮದ್ದು ಹೊತ್ತಿಕೊಳ್ಳುತ್ತೆ.

ಹಿತ್ತಾಳೆ, ತಾಮ್ರ, ಸೀಸ ಹೇಗಾದರೂ ಸಿಗುತ್ತವೆ. ಕಷ್ಟ ಇರುವುದು ಪ್ರೈಮರ್‌ನಲ್ಲಿ. ಅದರೊಳಗಿನ ರಾಸಾಯನಿಕ ಸಣ್ಣ ಪೆಟ್ಟಿಗೂ ಸಿಡಿಯುವಂಥದ್ದು. ಅದನ್ನು ತಯಾರಿಸುವ ಶೆಡ್ಡು ಬೇರೆ, ಜಾಗ ಬೇರೆ, ಪರವಾನಗಿ ಬೇರೆ, ತರಬೇತಿ ಪಡೆದ ಕೈಗಳೂ ಬೇರೆಯೇ. ಅಮೆರಿಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಹೆಸರುಗಳು ಮುಖ್ಯವಾಗಿ ನಾಲ್ಕು: ಫೆಡರಲ್, ಸಿಸಿಐ, ವಿಂಚೆಸ್ಟರ್, ರೆಮಿಂಗ್ಟನ್. ಇವರು ಮಾಡಿದ ಪ್ರೈಮರನ್ನು ಮೊದಲು ತಮ್ಮದೇ ತೋಟೆಗಳಿಗೆ ಹಾಕಿಕೊಳ್ಳುತ್ತಾರೆ. ಉಳಿದದ್ದು, ಹಳೇ ಹಿತ್ತಾಳೆ ಕೊಳವೆಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವ ಹವ್ಯಾಸಿಗಳಿಗೆ. ಸಾವಿರ ಪ್ರೈಮರ್‌ಗೆ 30 ಡಾಲರ್ ಆಸುಪಾಸು ಇದ್ದದ್ದು ಆಗ 100 ದಾಟಿತು. ‘ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡ್ಕೋತೀವಿ’ ಅಂದವರಿಗೂ ದಾರಿ ಮುಚ್ಚಿತು.

ಇನ್ನೂ ವಿಚಿತ್ರ ರೆಮಿಂಗ್ಟನ್ ಕಥೆ. ಜನ ಗುಂಡಿಗಾಗಿ ಸಾಲು ನಿಂತಿದ್ದ 2020ರ ಜುಲೈನಲ್ಲೇ ಆ ಹಳೇ ಕಂಪನಿ ದಿವಾಳಿ ಅರ್ಜಿ ಹಾಕಿತು. 2018ರ ನಂತರ ಅದು ಎರಡನೇ ಸಲ. ಅರ್ಕಾನ್ಸಾಸ್‌ನ ಲೋನೋಕ್ ಎಂಬ ಊರಿನ ಅದರ ಗುಂಡಿನ ಕಾರ್ಖಾನೆಯನ್ನು ಫೆಡರಲ್, ಸಿಸಿಐಗಳ ಒಡೆತನ ಹೊಂದಿದ್ದ ವಿಸ್ಟಾ ಔಟ್‌ಡೋರ್ ಕಂಪನಿ ಸುಮಾರು 8 ಕೋಟಿ 14 ಲಕ್ಷ ಡಾಲರಿಗೆ ಕೊಂಡು, ಮತ್ತೆ ಪೂರ್ತಿ ಓಡಿಸಲು ಹೊರಟಿತು. 2021ರ ಹೊತ್ತಿಗೆ ಆ ಕಂಪನಿಯ ಕೈಯಲ್ಲಿ ಪೂರೈಸಬೇಕಿದ್ದ ಆರ್ಡರುಗಳೇ 100 ಕೋಟಿ ಡಾಲರಿಗಿಂತ ಹೆಚ್ಚು.

ಬೇಡಿಕೆ ಆಕಾಶ ಮುಟ್ಟಿದ್ದಾಗ ಗುಂಡು ಮಾಡುವವನೇ ದಿವಾಳಿ ಎದ್ದದ್ದು ಹೇಗೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇದು ಮೊದಲ ಸಲವೇನಲ್ಲ

2008ರ ನವೆಂಬರ್‌ನಲ್ಲಿ ಬರಾಕ್ ಒಬಾಮ ಗೆದ್ದಾಗ ‘ಇನ್ನು ಬಂದೂಕು ಕಿತ್ಕೋತಾರೆ’ ಅಂತ ಜನ ಅಂಗಡಿಗೆ ಓಡಿದರು. ಆಗ ಗುಂಡಿನ ಕೊರತೆ 2009ರಲ್ಲೂ ಮುಂದುವರಿಯಿತು.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಯುವಕ 20 ಪುಟ್ಟ ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದ. ಇಡೀ ದೇಶ ಅತ್ತಿತು. ಬಂದೂಕಿಗೆ ಕಡಿವಾಣ ಹಾಕಬೇಕು ಅನ್ನುವ ಮಾತು ಎದ್ದಿತು. ಆ ಮಾತು ಎದ್ದ ಕೂಡಲೇ, ಕಾನೂನು ಬರುವ ಮೊದಲೇ ಕೊಂಡಿಟ್ಟುಕೊಳ್ಳೋಣ ಅಂತ ಜನ ಮುಗಿಬಿದ್ದರು. ಮಕ್ಕಳಿಗೂ ಹೊಸಬರಿಗೂ ಗುರಿ ಕಲಿಸಲು ಬಳಸುವ, ಅತಿ ಅಗ್ಗದ ಪಾಯಿಂಟ್ 22 ಗುಂಡು ಕೂಡ ಮಾಯವಾಯಿತು. 500ರ ಕಟ್ಟಿಗೆ 20 ಡಾಲರ್ ಆಸುಪಾಸು ಇದ್ದದ್ದು ಕಾಳಸಂತೆಯ ಹಾಗೆ 50 ಡಾಲರ್ ಮೇಲೆ ಹೋಯಿತು. 2013ರ ಜನವರಿಯಲ್ಲಿ ವಾಲ್‌ಮಾರ್ಟ್ ‘ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬಿ’ ಅಂತ ಮಿತಿ ಹಾಕಿತು. ಈ ಪುಟ್ಟ ಗುಂಡಿನ ಬರ ಮುಗಿಯಲು ವರ್ಷಗಳೇ ಬೇಕಾದವು.

ಎಲ್ಲಿ ಕೊರತೆಯೋ ಅಲ್ಲಿ ಗಾಳಿಸುದ್ದಿ. ಅಮೆರಿಕದ ಗೃಹ ಭದ್ರತಾ ಇಲಾಖೆ 160 ಕೋಟಿ ಗುಂಡು ಕೊಂಡು, ಜನರಿಗೆ ಸಿಗದ ಹಾಗೆ ಮಾಡುತ್ತಿದೆ ಅನ್ನುವ ಮಾತು 2013ರಲ್ಲಿ ಹಬ್ಬಿತು. ಅದು ಹಲವು ವರ್ಷಗಳ ಅವಧಿಯಲ್ಲಿ ‘ಹೆಚ್ಚೆಂದರೆ ಇಷ್ಟು’ ಎಂಬ ಒಪ್ಪಂದದ ಅಂಕಿ. ಸರ್ಕಾರದ ಲೆಕ್ಕಪತ್ರ ಪರಿಶೀಲಿಸುವ ಸಂಸ್ಥೆ 2014ರಲ್ಲಿ ವರದಿ ಕೊಟ್ಟಾಗ ಆ ಇಲಾಖೆಯ ಖರೀದಿ 2009ರಿಂದ ಈಚೆಗೆ ಕಡಿಮೆಯೇ ಆಗಿತ್ತು ಅಂತ ಗೊತ್ತಾಯಿತು. ಅಷ್ಟರಲ್ಲಿ ಮಾತು ನಂಬಿ ಕೊಂಡವರು ಕೊಂಡಾಗಿತ್ತು.

2016ರ ಕೊನೆಯಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದರು. ಬಂದೂಕಿಗೆ ತೊಂದರೆ ಇಲ್ಲ ಅಂತ ಜನರಿಗೆ ಧೈರ್ಯ ಬಂತು. ಜೊತೆಗೆ ಮನೆಯ ಕಪಾಟು ತುಂಬಿತ್ತು. ವ್ಯಾಪಾರ ಮಲಗಿತು. ಗಮನಿಸಿ, ಈರುಳ್ಳಿ ಕೂಡಿಟ್ಟರೆ ಕೊಳೆಯುತ್ತೆ, ಬೇಳೆಗೆ ಹುಳ ಬೀಳುತ್ತೆ. ಗುಂಡು ಹಾಗಲ್ಲ. ತೇವ ಇಲ್ಲದ ತಣ್ಣನೆ ಜಾಗದಲ್ಲಿ ಇಟ್ಟರೆ ದಶಕಗಳ ಕಾಲ ಕೆಡೋದಿಲ್ಲ. ಹಾಗಾಗಿ ಹೆದರಿ ಕೊಂಡವನು ಮುಂದೆ ಎಷ್ಟೋ ವರ್ಷ ಅಂಗಡಿ ಕಡೆ ತಲೆ ಹಾಕಬೇಕಿಲ್ಲ. ಕಾರ್ಖಾನೆಯವನು ಹೊಸ ಯಂತ್ರಕ್ಕೆ ಹಾಕಿದ ದುಡ್ಡು ಹುಟ್ಟೋದಿಲ್ಲ. ಮೊದಲೇ ಸಾಲದಲ್ಲಿದ್ದ ರೆಮಿಂಗ್ಟನ್‌ನಂಥ ಕಂಪನಿ ಕುಸಿಯಿತು. ಉಳಿದವರು ಪಾಠ ಕಲಿತರು: ಹೆದರಿಕೆಯ ಬೇಡಿಕೆಯನ್ನು ನಂಬಿ ಕಾರ್ಖಾನೆ ಕಟ್ಟಬಾರದು. ಕಟ್ಟದೇ ಇದ್ದದ್ದರಿಂದ ಮುಂದಿನ ಹೆದರಿಕೆ ಬಂದಾಗ ಮತ್ತೆ ಬರ. ಒಂದು ಸಲದ ಗಾಬರಿ ಇನ್ನೊಂದು ಸಲದ ಕೊರತೆಗೆ ಬೀಜ ಹಾಕಿ ಹೋಗುತ್ತೆ ಅನ್ನೋದು ನನಗೆ ಹೊಳೆದದ್ದು ಇಲ್ಲೇ.

ತತ್ಕಾಲ್ ಟಿಕೆಟ್ಟಿನ ಲೆಕ್ಕ

ನನ್ನ ಕೆಲಸದಲ್ಲಿ ಇಂಥದ್ದನ್ನು ಬೇರೆ ರೂಪದಲ್ಲಿ ನೋಡುತ್ತೇವೆ. ತತ್ಕಾಲ್ ಟಿಕೆಟ್ ಬುಕ್ ಮಾಡಿದವರಿಗೆಲ್ಲ ಇದು ಗೊತ್ತು. ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಒತ್ತುತ್ತಾರೆ. ಪುಟ ನಿಧಾನವಾಗುತ್ತೆ. ನಿಧಾನವಾಯಿತಲ್ಲ ಅಂತ ಎಲ್ಲರೂ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ. ಪಕ್ಕದಲ್ಲಿ ಹೆಂಡತಿಯ ಫೋನಿನಲ್ಲೂ ಒತ್ತುತ್ತಾರೆ. ಒಬ್ಬನಿಗೆ ಬೇಕಾದದ್ದು ಒಂದೇ ಟಿಕೆಟ್, ಸರ್ವರ್‌ಗೆ ಕಾಣುವುದು ಹತ್ತು ಬೇಡಿಕೆ. ಕೊನೆಗೆ ಸರ್ವರ್ ಮಲಗುತ್ತೆ. ಅದನ್ನು ಮಲಗಿಸಿದ್ದು ಪ್ರಯಾಣಿಕರ ಸಂಖ್ಯೆಯಲ್ಲ, ಅವರ ಆತುರ.

ಗುಂಡಿನ ವಿಷಯದಲ್ಲೂ ಇದೇ. ಆನ್‌ಲೈನ್ ಅಂಗಡಿಗಳ ಬೆಲೆ, ದಾಸ್ತಾನು ಎಲ್ಲ ಒಂದೇ ಕಡೆ ತೋರಿಸುವ ಜಾಲತಾಣಗಳಿವೆ. ‘ಸ್ಟಾಕ್ ಬಂದಿದೆ’ ಅಂತ ಫೋನಿಗೆ ಸಂದೇಶ ಬಂದ ಕೆಲವೇ ನಿಮಿಷಗಳಲ್ಲಿ ಎಲ್ಲ ಖಾಲಿ. ಹಾಗೆ ಖಾಲಿಯಾದದ್ದು ನೋಡಿದವನು ಮುಂದಿನ ಸಲ ಎರಡರ ಬದಲು ಆರು ಡಬ್ಬಿ ಒತ್ತುತ್ತಾನೆ. ನಾಲ್ಕು ಅಂಗಡಿಯಲ್ಲಿ ಹೆಸರು ಬರೆಸುತ್ತಾನೆ. ಅಂಗಡಿಯವನು ‘ಕೇಳಿದ್ದರಲ್ಲಿ ಅರ್ಧ ಕೊಡ್ತಾರೆ, ಎರಡರಷ್ಟು ಕೇಳೋಣ’ ಅಂತ ಡೀಲರಿಗೆ ಬರೆಯುತ್ತಾನೆ. ಡೀಲರ್ ಅದನ್ನು ಇನ್ನೂ ಹಿಗ್ಗಿಸಿ ಕಾರ್ಖಾನೆಗೆ ಬರೆಯುತ್ತಾನೆ. ಚಾಟಿಯ ಹಿಡಿ ಒಂದಿಂಚು ಅಲುಗಿದರೆ ತುದಿ ಮಾರು ದೂರ ಹಾರುತ್ತಲ್ಲ, ಹಾಗೆ. ಮ್ಯಾನೇಜ್‌ಮೆಂಟ್ ಓದುವವರು ಇದನ್ನು ‘ಬುಲ್‌ವಿಪ್ ಪರಿಣಾಮ’ ಅನ್ನುತ್ತಾರೆ. ಎಂಐಟಿಯಲ್ಲಿ ಇದನ್ನು ಕಲಿಸೋಕೆ ಅಂತಲೇ ‘ಬಿಯರ್ ಆಟ’ ಅಂತೊಂದು ಆಟ ಆಡಿಸುತ್ತಾರೆ. ನೋಡಿ, ಅಲ್ಲೂ ಗುಂಡಿನದೇ ಉದಾಹರಣೆ!

ನಾವು ಪ್ರೋಗ್ರಾಮ್ ಬರೆಯುವಾಗ ಇದಕ್ಕೊಂದು ಮದ್ದು ಇಟ್ಟುಕೊಂಡಿದ್ದೇವೆ. ಉತ್ತರ ಬರದಿದ್ದರೆ ತಕ್ಷಣ ಮತ್ತೆ ಕೇಳಬೇಡ, ಒಂದು ಸೆಕೆಂಡ್ ತಡಿ. ಆಗಲೂ ಬರದಿದ್ದರೆ ಎರಡು ಸೆಕೆಂಡ್, ಆಮೇಲೆ ನಾಲ್ಕು. ಎಲ್ಲ ಯಂತ್ರಗಳೂ ಹೀಗೆ ತಡೆದರೆ ಸರ್ವರ್ ತಾನಾಗಿ ಚೇತರಿಸಿಕೊಳ್ಳುತ್ತೆ. ಯಂತ್ರಕ್ಕೆ ಹೇಳಿದರೆ ಕೇಳುತ್ತೆ. ‘ತಡೆದರೆ ನಿನ್ನ ಪಾಲು ಪಕ್ಕದವನು ಒಯ್ತಾನೆ’ ಅನ್ನುವ ಮನುಷ್ಯನಿಗೆ ಹೇಳೋದು ಹೇಗೆ? ‘ಒಬ್ಬರಿಗೆ ಒಂದೇ ಡಬ್ಬಿ’ ಬೋರ್ಡು ಮಾಡುವುದು ಇದೇ ಕೆಲಸ. ಅದು ಗಿರಾಕಿಗೆ ಅವಮಾನ ಅಲ್ಲ. ಪಕ್ಕದವನೂ ಒಂದೇ ಒಯ್ಯೋದು ಅನ್ನುವ ಭರವಸೆ.

ಇಲ್ಲಿ ನಮ್ಮ ದೇಶದ ವ್ಯತ್ಯಾಸ ಹೇಳಬೇಕು. ಭಾರತದಲ್ಲಿ ಕೋವಿಯ ಲೈಸೆನ್ಸಿನಲ್ಲೇ ಒಂದು ಸಲಕ್ಕೆ ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಬರೆದಿರುತ್ತೆ. ಎಷ್ಟೇ ಹೆದರಿದರೂ ಮೂಟೆಗಟ್ಟಲೆ ಕೊಳ್ಳುವ ಹಾಗಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಾಮಾನ್ಯ ಗುಂಡಿಗೆ ಇಂಥ ಮಿತಿ ಇಲ್ಲ, ಲೈಸೆನ್ಸೂ ಬೇಡ. ವಯಸ್ಸು ಆಗಿರಬೇಕು, ನಿಷೇಧಕ್ಕೆ ಒಳಗಾದವರಾಗಿರಬಾರದು ಅಷ್ಟೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಗುಂಡು ಕೊಳ್ಳುವಾಗಲೂ ಹಿನ್ನೆಲೆ ಪರಿಶೀಲನೆ ಇದೆ.

ಅಕ್ಕನ ಪ್ರಶ್ನೆ

ಇದೆಲ್ಲ ಊರವರ ಕಥೆಯಾಗಿ ಉಳಿಯಲಿಲ್ಲ. ನನ್ನ ದೊಡ್ಡಪ್ಪನ ಮಗಳು ಅಕ್ಕ, ಭಾವ ಇಬ್ಬರೂ ಇಲ್ಲೇ ಅರ್ಧ ಗಂಟೆಯ ದಾರಿಯಲ್ಲಿದ್ದಾರೆ. ಅವರಿಗೆ ಗ್ರೀನ್ ಕಾರ್ಡ್ ಇದೆ, ಅಂದರೆ ಬಂದೂಕು ಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. 2020ರ ಜೂನ್‌ನಲ್ಲಿ ಭಾವ ಒಂದು ಪಿಸ್ತೂಲು ತಂದರು. ಟಿವಿಯಲ್ಲಿ ದಿನವೂ ಬೆಂಕಿ, ಏಷ್ಯಾದ ಮುಖದವರ ಮೇಲೆ ಅಲ್ಲಲ್ಲಿ ಹಲ್ಲೆ ಅನ್ನುವ ಸುದ್ದಿ. ಮನೆಯಲ್ಲಿ ಮೂರು ವರ್ಷದ ಮಗಳು. ಅವರ ಹೆದರಿಕೆಯನ್ನು ನಾನು ತಮಾಷೆ ಮಾಡಲಾರೆ.

ಪಿಸ್ತೂಲು ಸಿಕ್ಕಿತು, ಗುಂಡು ಸಿಗಲಿಲ್ಲ. ಮೂರು ವಾರ ಅಲೆದ ಮೇಲೆ 50ರ ಒಂದು ಡಬ್ಬಿ ಸಿಕ್ಕಿತು. ಗುರಿ ಕಲಿಸುವ ತರಗತಿಗೆ ಫೋನ್ ಮಾಡಿದರೆ, ‘ಬರುವಾಗ 200 ಗುಂಡು ನೀವೇ ತರಬೇಕು’ ಅಂದರು. ಹಿಂದೆ ಅದಕ್ಕೆ 40 ಡಾಲರ್ ಸಾಕಿತ್ತು. ಆಮೇಲಾಮೇಲೆ 80 ಸೆಂಟಿನ ಲೆಕ್ಕದಲ್ಲಿ 160 ಡಾಲರ್, ಅದೂ ಸಿಕ್ಕರೆ. ‘ಇರೋ ಐವತ್ತನ್ನ ಅಭ್ಯಾಸಕ್ಕೆ ಸುಟ್ಟರೆ ಬೇಕಾದಾಗ ಏನು ಮಾಡೋದು?’ ಅಂತ ಭಾವ ತರಗತಿಯನ್ನು ಮುಂದೆ ಹಾಕಿದರು. ಹೀಗೆ ಒಂದೇ ಒಂದು ಗುಂಡು ಹಾರಿಸಿ ಗೊತ್ತಿಲ್ಲದವರ ಮನೆಯಲ್ಲಿ ಪಿಸ್ತೂಲು ಬಂದು ಕೂತಿತು.

ಒಂದು ಭಾನುವಾರ ಊಟಕ್ಕೆ ಹೋದಾಗ ಅಕ್ಕ ನನ್ನೆದುರೇ ಕೇಳಿದಳು, ‘ಅಲ್ಲರೀ, ಕಾರು ಓಡಿಸಕ್ಕೇ ಬರದವರಿಗೆ ಲೈಸೆನ್ಸ್ ಕೊಡಲ್ಲ. ಇದನ್ನ ಕಲೀದೇ ಮನೇಲಿ ಇಟ್ಕೊಂಡು ಯಾರನ್ನ ಕಾಪಾಡ್ತೀರಿ? ಕಳ್ಳ ಬರೋಕೆ ಮುಂಚೆ ಪಾಪು ಕೈಗೆ ಸಿಕ್ಕಿದ್ರೆ?’

ಭಾವ ಉತ್ತರ ಕೊಡಲಿಲ್ಲ. ಅವಳ ಮಾತು ಬರೀ ತಾಯಿಯ ಕಳವಳ ಅಲ್ಲ. 2020ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 45,222 ಜನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಒಂದರಿಂದ ಹತ್ತೊಂಬತ್ತು ವರ್ಷದವರ ಸಾವಿನ ಕಾರಣಗಳಲ್ಲಿ, ವಾಹನ ಅಪಘಾತವನ್ನೂ ದಾಟಿ, ಬಂದೂಕು ಮೊದಲ ಸ್ಥಾನಕ್ಕೆ ಬಂದ ವರ್ಷವೂ ಅದೇ. ಹೊರಗಿನ ಅಪಾಯಕ್ಕೆ ಅಂತ ತಂದದ್ದು ಒಳಗೇ ಅಪಾಯವಾಗಬಹುದು.

ಆ ವಾರವೇ ಅಕ್ಕ ಎರಡು ಪೆಟ್ಟಿಗೆ ತರಿಸಿದಳು. ಪಿಸ್ತೂಲಿಗೊಂದು, ಗುಂಡಿಗೊಂದು. ಪಿಸ್ತೂಲಿನ ಪೆಟ್ಟಿಗೆಯ ನಂಬರು ಭಾವನಿಗೆ ಗೊತ್ತು. ಗುಂಡಿನ ಪೆಟ್ಟಿಗೆಯ ಕೀಲಿ ಅವಳ ಹತ್ತಿರ. ಭಾವ ತರಗತಿಗೆ ಹೋದದ್ದು 2022ರಲ್ಲಿ, ಬೆಲೆ ಇಳಿಯಲು ಶುರುವಾದ ಮೇಲೆ. ಸುಮಾರು ಎರಡು ವರ್ಷ ಆ ಮನೆಯನ್ನು ಕಾದದ್ದು ಪಿಸ್ತೂಲಲ್ಲ, ಅಕ್ಕನ ಆ ಕೀಲಿ. ಇಂಥ ಅಕ್ಕ ಇಲ್ಲದ ಮನೆಗಳು ಆ 84 ಲಕ್ಷದಲ್ಲಿ ಎಷ್ಟೋ!

ಒಂದೇ ಗುಂಡು ಸಾಕಾದವರು

ಬೆಲೆ ಏರಿದಾಗ ನಿಜವಾಗಿ ಪೆಟ್ಟು ತಿಂದವರು ಹೆದರಿ ಕೊಂಡವರಲ್ಲ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರಿದ್ದಾರೆ. ಒಹಾಯೊದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರದಿಂದ ಒಂದು ವಾರ ಬಂದೂಕಿನಿಂದ ಜಿಂಕೆ ಬೇಟೆಗೆ ಅನುಮತಿ ಇದೆ. ವರ್ಷಕ್ಕೊಂದು ಜಿಂಕೆ ಹೊಡೆದರೆ ಅವರ ಫ್ರೀಜರ್ ತುಂಬುತ್ತೆ, ಚಳಿಗಾಲದ ಮಾಂಸದ ಖರ್ಚು ಉಳಿಯುತ್ತೆ. ಹೆಚ್ಚಾದ ಮಾಂಸವನ್ನು ಬಡವರಿಗೆ ಹಂಚುವ ಸಂಸ್ಥೆಗಳಿಗೆ ಕೊಡುವ ಬೇಟೆಗಾರರೂ ಇಲ್ಲಿದ್ದಾರೆ.

ಅವರಿಗೆ ಬೇಕಾದದ್ದು 20ರ ಒಂದು ಡಬ್ಬಿ. ಅದರಲ್ಲೇ ಹಲವು ವರ್ಷ ಕಳೆಯುತ್ತೆ. ಆದರೆ ಕಂಪನಿಗಳು ಯಂತ್ರಗಳನ್ನೆಲ್ಲ ಹೆಚ್ಚು ಬೇಡಿಕೆಯ ಪಿಸ್ತೂಲಿನ ಗುಂಡಿಗೆ, ಸೈನ್ಯದ ಮಾದರಿಯ ರೈಫಲ್ಲುಗಳ ಗುಂಡಿಗೆ ತಿರುಗಿಸಿದ್ದವು. ಬೇಟೆಯ ಗುಂಡಿನ ಸರದಿ ಬರಲೇ ಇಲ್ಲ. 2020ರ ಸೀಸನ್ನಿಗೆ ಅವರು ಅಟ್ಟದಲ್ಲಿದ್ದ ಅಪ್ಪನ ಕಾಲದ ಶಾಟ್‌ಗನ್ ಇಳಿಸಿ, ಡ್ರಾಯರಿನಲ್ಲಿ ಸಿಕ್ಕ ಐದು ಹಳೇ ತೋಟೆ ಜೇಬಿಗೆ ಹಾಕಿಕೊಂಡು ಹೊರಟರು. ಬೇಲಿ ಪಕ್ಕ ನಿಂತು ನನಗೆ ಹೇಳಿದ್ದು ಇಷ್ಟೇ: ‘ಬಳಸುವವನ ಹತ್ತಿರ ಗುಂಡಿಲ್ಲ, ಗುಂಡಿರುವವನು ಬಳಸುವುದಿಲ್ಲ.’

ಗುರಿ ಕಲಿಸುವವರು ತರಗತಿ ನಿಲ್ಲಿಸಿದರು. ಪೊಲೀಸ್ ಇಲಾಖೆಗಳಲ್ಲೂ ಹಲವು ಕಡೆ ಅಭ್ಯಾಸದ ಗುಂಡು ಕಡಿತವಾಯಿತು. ಅದರ ನಡುವೆ ಒಂದು ಲಾಭವೂ ಆಯಿತು ಅನ್ನಿ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನ ಪ್ರಕಾರ ಇಲ್ಲಿ ಗುಂಡಿನ ಮೇಲೆ 11 ಶೇಕಡ ತೆರಿಗೆ ಇದೆ, ಆ ಹಣ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತೆ. ಮನುಷ್ಯರ ಹೆದರಿಕೆಯಿಂದ ಜಿಂಕೆ, ಹಕ್ಕಿಗಳ ಖಜಾನೆ ತುಂಬಿತು.

ನಮ್ಮ ಸೋನಾ ಮಸೂರಿ

ಇಷ್ಟು ಓದಿ ‘ಅಮೆರಿಕದವರಿಗೆ ಹುಚ್ಚು’ ಅಂದುಕೊಳ್ಳುವ ಮೊದಲು 2023ರ ಜುಲೈ ನೆನಪಿಸಿಕೊಳ್ಳಿ. ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಸುದ್ದಿ ಬಂದ ಒಂದೆರಡು ದಿನದಲ್ಲಿ ಅಮೆರಿಕದ ಇಂಡಿಯನ್ ಅಂಗಡಿಗಳ ಮುಂದೆ ನಮ್ಮವರದೇ ಸಾಲು. ಎಂಜಿನಿಯರು, ಡಾಕ್ಟರು, ಪ್ರೊಫೆಸರು ಎಲ್ಲರೂ ಗಾಡಿಯ ಮೇಲೆ ಸೋನಾ ಮಸೂರಿ ಮೂಟೆ ಹೇರಿಕೊಂಡು ಓಡುವ ವಿಡಿಯೊ ಹರಿದಾಡಿತು. ಬೆಲೆ ಏರಿತು. ಅಲ್ಲೂ ಬಂತು ಅದೇ ಬೋರ್ಡು: ಒಂದು ಕುಟುಂಬಕ್ಕೆ ಒಂದೇ ಚೀಲ.

ನಿಷೇಧ ನಿಜವೇ. ಆದರೆ ಆ ಹೊತ್ತಿಗೆ ಇಲ್ಲಿಗೆ ಬಂದು ಸೇರಿದ್ದ ಅಕ್ಕಿಯ ಒಂದು ಕಾಳೂ ಕಡಿಮೆಯಾಗಿರಲಿಲ್ಲ. ಅಂಗಡಿಯಲ್ಲಿ ನಿಧಾನವಾಗಿ ಖರ್ಚಾಗಬೇಕಿದ್ದ ಅಕ್ಕಿ ಒಂದೇ ದಿನದಲ್ಲಿ ಗ್ಯಾರೇಜುಗಳಿಗೆ ವರ್ಗವಾಯಿತು, ಅಷ್ಟೆ. ನಮ್ಮ ಭಾವ ಆರು ಮೂಟೆ ತಂದರು. ‘ಗುಂಡಿನ ಡಬ್ಬಿ ಆಯ್ತು, ಈಗ ಅಕ್ಕಿ ಮೂಟೆನಾ?’ ಅಂತ ಅಕ್ಕ ನಕ್ಕಳು. ಮುಂದಿನ ಬೇಸಿಗೆ ಹೊತ್ತಿಗೆ ಕೊನೆಯ ಎರಡು ಮೂಟೆಗೆ ಹುಳ ಬಿದ್ದಿತ್ತು.

ನಮ್ಮ ದೇಶದಲ್ಲೂ 2016ರ ನವೆಂಬರ್‌ನಲ್ಲಿ, ನೋಟು ರದ್ದಾದ ಬೆನ್ನಿಗೇ, ಉಪ್ಪು ಮುಗಿದುಹೋಯಿತು ಅನ್ನುವ ಗಾಳಿಸುದ್ದಿಗೆ ಉತ್ತರ ಭಾರತದ ಊರುಗಳಲ್ಲಿ ಕಿಲೋಗೆ ನೂರಾರು ರೂಪಾಯಿ ಕೊಟ್ಟು ಜನ ಉಪ್ಪು ಕೊಂಡರು. ಮೂರು ಕಡೆ ಸಮುದ್ರ ಇರುವ ದೇಶದಲ್ಲಿ!

ಕೇಳಬೇಕಾದ ಒಂದು ಪ್ರಶ್ನೆ

ಎಲ್ಲ ಕೊರತೆಯೂ ಗಾಬರಿಯಿಂದಲೇ ಬರುತ್ತೆ ಅಂತ ನಾನು ಹೇಳುತ್ತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಗುಂಡಿನ ಆಮದಿಗೆ ಹೊಸ ಪರವಾನಗಿ ಕೊಡುವುದನ್ನು ನಿರ್ಬಂಧಿಸಿತು. ಅಲ್ಲಿಂದ ಬರುತ್ತಿದ್ದ ಅಗ್ಗದ ಗುಂಡಿಗೆ ಅದರಿಂದ ನಿಜವಾದ ಪೆಟ್ಟು ಬಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿಗಳಿಗೆ ಮದ್ದಿನ ಬೇಡಿಕೆ ಏರಿ, ಮದ್ದಿನ ಕಚ್ಚಾ ವಸ್ತು ಜಗತ್ತಿನಲ್ಲೇ ಬಿಗಿಯಾಯಿತು. ಇವು ಸರಕೇ ಕಡಿಮೆಯಾದ ಕೊರತೆಗಳು.

ಅದಕ್ಕೇ ‘ಮುಗಿದುಹೋಗ್ತಿದೆಯಂತೆ’ ಅನ್ನುವ ಸಂದೇಶ ಬಂದಾಗ ನಾನೀಗ ಕೇಳಿಕೊಳ್ಳುವುದು ಇಷ್ಟೇ: ತಯಾರಾಗುವುದು ಕಡಿಮೆಯಾಗಿದೆಯೋ, ಕೊಳ್ಳುವುದು ಜಾಸ್ತಿಯಾಗಿದೆಯೋ? ಮೊದಲನೆಯದಾದರೆ ಮನೆಯ ಬಳಕೆಯನ್ನೇ ಸ್ವಲ್ಪ ಹಿಡಿತದಲ್ಲಿಡಬೇಕು, ಬದಲಿಯೊಂದನ್ನು ಹುಡುಕಿಕೊಳ್ಳಬೇಕು. ಎರಡನೆಯದಾದರೆ ಕಾಯಬೇಕು. ಸರಕು ಎಲ್ಲೂ ಹೋಗಿಲ್ಲ, ಪಕ್ಕದ ಮನೆಯ ಕಪಾಟಿನಲ್ಲಿದೆ. ಆ ಕಪಾಟು ತುಂಬಿದ ಮೇಲೆ ಬೆಲೆ ಇಳಿಯಲೇಬೇಕು. 9 ಎಂಎಂ ಗುಂಡಿನ ಬೆಲೆಯೂ 2023ರ ಹೊತ್ತಿಗೆ 25-30 ಸೆಂಟಿಗೆ ಬಂದು ನಿಂತಿತು.

ಅಕ್ಕಿಯ ಮೂಟೆಗೆ ಹುಳ ಬಿದ್ದರೆ ಬಿಸಾಡಿ ಕೈ ತೊಳೆದುಕೊಳ್ಳಬಹುದು. ಹೆದರಿ ಕೊಂಡ ಗುಂಡುಗಳ ಕಥೆ ಹಾಗಲ್ಲ. ಬೆಲೆ ಇಳಿಯಿತು, ಸುದ್ದಿ ಮರೆತುಹೋಯಿತು. ಗುಂಡು ಮಾತ್ರ ಕೆಡದೆ ಎಷ್ಟೋ ಮನೆಗಳ ಕಪಾಟಿನಲ್ಲಿ ಹಾಗೇ ಇದೆ. ಅಕ್ಕನ ಮಗಳಿಗೆ ಈಗ ಕುರ್ಚಿ ಹಾಕಿಕೊಂಡರೆ ಕಪಾಟಿನ ಮೇಲಿನ ಅಂತಸ್ತೂ ಎಟುಕುತ್ತೆ. ಆ ಪೆಟ್ಟಿಗೆಯ ಕೀಲಿಯನ್ನು ಅಕ್ಕ ಈಗಲೂ ಯಾರಿಗೂ ಕೊಟ್ಟಿಲ್ಲ.